ನಮ್ಮ ಬಾಲಕ ಬಾಲಿಕೆಯರೂ ನಾಡಿನ ಕಾಡುಜೀವಿಗಳೂ

ವಿದ್ಯಾಭ್ಯಾಸವು ದೂರದ ವಸ್ತುವನ್ನು ಹತ್ತಿರಕ್ಕೆ ತರತಕ್ಕದ್ದು. ಹತ್ತಿರದ ವಸ್ತುವನ್ನು ದೂರ ಮಾಡತಕ್ಕದ್ದಲ್ಲ. ಈಗಿನ ನಮ್ಮ ವಿದ್ಯಾಭ್ಯಾಸವು ಇವೆರಡನ್ನೂ ಒಟ್ಟಿಗೆ ಮಾಡುತ್ತಿರುವಂತೆ ತೋರುತ್ತದೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಯಾವ ಶಾಲೆಗಾದರೂ ಹೋಗಿ ಐದನೆಯ ತರಗತಿಯ ಮಕ್ಕಳನ್ನು ವಿಚಾರಿಸಿ ನೋಡಬಹುದು. ಜಿರಾಫೆ, ಜೀಬ್ರಾ, ಪೆಂಗ್ವಿನ್, ಕಾಂಗರೂ ಇವುಗಳ ಚಿತ್ರವನ್ನು ಕಂಡೊಡನೆಯೇ ಹೆಸರು ಹೇಳುವರು. ಅದೇ ಶಾಲೆಯ ಕಿಟಕಿಯ ಹೊರಗೆ, ವಿದ್ಯುತ್ತಂತಿಯ ಮೇಲೆ ಕುಳಿತಿರುವ, ಕವಲೊಡೆದ ಉದ್ದಬಾಲದ ಕರಿಯ ಹಕ್ಕಿಯನ್ನು ತೋರಿಸಿ ಕೇಳಿದರೆ ಬಹುಮಂದಿ "ಕಾಗೆ" ಎನ್ನುವರು, ಉಳಿದವರು ಸುಮ್ಮನಿರುವರು. ಅದು ಕಾಜಾಣವೆಂದು ಹೇಳುವ ಮಗು ನೂರಕ್ಕೊಂದು ದೊರೆತರೆ ಆ ಶಾಲೆಯ ಭಾಗ್ಯ.

ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಹೇಳಿಕೊಟ್ಟುದನ್ನು ಅವರು ಕಲಿತಿದ್ದಾರೆ. ಕರ್ನಾಟಕದ ರಾಜ್ಯಪಕ್ಷಿ ಯಾವುದೆಂದು ಕೇಳಿದರೆ ನೀಲಕಂಠವೆಂದು ಬರೆದು ಅಂಕ ಪಡೆಯುವ ಬಾಲಕನು, ಕೆರೆಯ ಏರಿಯ ಮೇಲೆ ಮಿಂಚುಳ್ಳಿಯನ್ನು ಕಂಡು "ಅದೋ ನೀಲಕಂಠ" ಎಂದು ಕೂಗುವುದುಂಟು. ಮಿಂಚುಳ್ಳಿಗೆ ದಪ್ಪನೆಯ ಉದ್ದ ಕೊಕ್ಕು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಗೆ ಅದು ಕೆಂಪಾಗಿಯೂ ಇರುತ್ತದೆ. ನೀಲಕಂಠವು ಕುಳಿತಿರುವಾಗ ಮಂಕಾದ ಕಂದುಬಣ್ಣದ ಹಕ್ಕಿ; ರೆಕ್ಕೆ ಬಿಚ್ಚಿ ಹಾರಿದಾಗಲೇ ಅದರ ನೀಲಿಯೆಲ್ಲವೂ ಹೊರಬೀಳುವುದು. ಇಷ್ಟು ಹೇಳುವುದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷವು ನಮ್ಮ ಪಠ್ಯಕ್ರಮದಲ್ಲಿ ಎಲ್ಲಿಯೂ ಇಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಹಳೆಯ ಪಾಠಶಾಲೆಗಳಲ್ಲಿ ಓದಿದವರಿಗೆ ಅಮರಕೋಶದ ಸಿಂಹಾದಿವರ್ಗವು ನೆನಪಿರಬಹುದು. ಮೃಗ, ಪಕ್ಷಿ, ಕ್ರಿಮಿಕೀಟಗಳಿಗೆಲ್ಲ ಅಲ್ಲಿ ಹೆಸರುಂಟು. ಒಂದೊಂದಕ್ಕೆ ಹಲವು ಪರ್ಯಾಯಗಳುಂಟು. ಸಿಂಹದ ಪರ್ಯಾಯಗಳನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ ವಿದ್ಯಾರ್ಥಿಯು ಸಿಂಹವನ್ನು ಕಂಡವನಲ್ಲ; ಕಾಣುವ ಸಂಭವವೂ ಇರಲಿಲ್ಲ. ಶಬ್ದವಿದ್ದು ವಸ್ತುವಿಲ್ಲದ ವಿದ್ಯೆ ಅದು. ಅದೇ ಊರಿನ ಕುರಿ ಕಾಯುವವನು ಅಕ್ಷರವರಿಯದವನಾದರೂ ತೋಳದ ಹೆಜ್ಜೆಯನ್ನೂ ನಾಯಿಯ ಹೆಜ್ಜೆಯನ್ನೂ ಬೇರ್ಪಡಿಸಿ ಹೇಳುತ್ತಿದ್ದನು. ಯಾವ ಹಕ್ಕಿ ಕೂಗಿದರೆ ಪೊದೆಯಲ್ಲಿ ಹಾವಿದೆಯೆಂಬುದನ್ನು ಬಲ್ಲನು. ಈ ಎರಡು ವಿದ್ಯೆಗಳೂ ಒಂದೆಡೆ ಸೇರಬೇಕಾಗಿದ್ದುವು. ಹಾಗಾಗದೆ, ಪಾಠಶಾಲೆಯ ಶಬ್ದವೂ ಹೋಯಿತು, ಕುರುಬನ ವಸ್ತುಜ್ಞಾನವೂ ಹೋಗುತ್ತಲಿದೆ. ಆತನ ಮಕ್ಕಳು ಇಂದು ಶಾಲೆಗೆ ಬರುತ್ತಿದ್ದಾರೆ. ತಂದೆ ಬಲ್ಲ ವಿದ್ಯೆಯು ವಿದ್ಯೆಯೇ ಅಲ್ಲವೆಂಬ ಭಾವನೆಯನ್ನು ಅಲ್ಲಿಂದ ಮನೆಗೆ ಕೊಂಡೊಯ್ಯುತ್ತಿದ್ದಾರೆ.

ಒಂದು ಹಕ್ಕಿಯ ಹೆಸರನ್ನು ಹೇಳಿಕೊಡುವುದರಿಂದ ಆಗುವುದೇನೆಂದು ಕೇಳುವವರು ಸಲೀಂ ಆಲಿಯವರ ಬಾಲ್ಯವನ್ನು ನೆನೆಯಬೇಕು. ಮುಂಬಯಿಯ ಈ ಬಾಲಕನು ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಕೆಡವಿದನು. ಅದರ ಕತ್ತಿನಲ್ಲಿ ಹಳದಿಯ ಮಚ್ಚೆಯಿದ್ದುದನ್ನು ಕಂಡು, ಇದು ಮನೆಯ ಗುಬ್ಬಿಯಲ್ಲವೆಂದು ಸಂಶಯ ಹುಟ್ಟಿತು. ಬಾಲಕನು ಅದನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದನು. ಅಲ್ಲಿನ ಕಾರ್ಯದರ್ಶಿಗಳಾಗಿದ್ದ ಮಿಲ್ಲಾರ್ಡ್ ಎಂಬುವರು ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ಹಕ್ಕಿಯ ಹೆಸರನ್ನು ಹೇಳಿ, ಪೆಟ್ಟಿಗೆಗಳನ್ನು ತೆರೆದು, ಸಂಗ್ರಹದಲ್ಲಿದ್ದ ನಾನಾ ಪಕ್ಷಿಗಳನ್ನು ತೋರಿಸಿದರು. ಆ ಒಂದು ಮಧ್ಯಾಹ್ನದ ಸೌಜನ್ಯದಿಂದ ಭಾರತಕ್ಕೆ ಪಕ್ಷಿಶಾಸ್ತ್ರಜ್ಞನೊಬ್ಬನು ದೊರೆತನು. ಇದೇ ಸಲೀಂ ಆಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಯಿಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುತ್ತಿದ್ದ ಕೊಕ್ಕರೆಗಳನ್ನು ಕಂಡು, ಆ ಸ್ಥಳವನ್ನು ಕಾಪಾಡಬೇಕೆಂದು ಸಲಹೆಯಿತ್ತರು. ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. "ಇದರ ಹೆಸರೇನು?" ಎಂಬ ಬಾಲಕನ ಪ್ರಶ್ನೆಯನ್ನು ದೊಡ್ಡವರೊಬ್ಬರು ಆದರಿಸಿದುದರ ಫಲವನ್ನು ನಮ್ಮ ನಾಡು ಇಂದಿಗೂ ಉಣ್ಣುತ್ತಲಿದೆ.

ಹೆಸರಿನ ವಿಷಯದಲ್ಲಿ ನಮ್ಮ ಅಜಾಗರೂಕತೆ ಎಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಚಿರತೆಯೂ ಸಿವಂಗಿಯೂ ಬೇರೆಬೇರೆ ಮೃಗಗಳು. ಚಿರತೆಯ ಮೈಮೇಲಿನ ಮಚ್ಚೆಗಳು ಹೂವಿನಂತೆ ಗುಂಪುಗೂಡಿರುವುವು. ಅದು ಮರವೇರುವ, ಮರೆಯಲ್ಲಿ ಕುಳಿತು ಬೇಟೆಯಾಡುವ, ತೋಳ್ಬಲದ ಪ್ರಾಣಿ. ಸಿವಂಗಿಯ ಮಚ್ಚೆಗಳು ಒಂಟಿ ಬೊಟ್ಟುಗಳು. ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂತೆ ಕರಿಯ ಗೆರೆ ಇಳಿದಿರುವುದು. ಅದು ಬಯಲಿನಲ್ಲಿ ಓಡಿ ಹಿಡಿಯುವ ಸಪೂರ ಮೈಯ ಪ್ರಾಣಿ. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ದೇಶದ ಕೊನೆಯ ಸಿವಂಗಿಗಳು ಬೇಟೆಗಾರರ ಗುಂಡಿಗೆ ಬಿದ್ದುವು; ೧೯೫೨ರಲ್ಲಿ ಅದು ಭಾರತದಿಂದ ನಿರ್ನಾಮವಾಯಿತೆಂದು ಸರ್ಕಾರದವರು ಸಾರಿದರು. ೨೦೨೨ರ ಸೆಪ್ಟೆಂಬರಿನಲ್ಲಿ ಆಫ್ರಿಕದಿಂದ ಸಿವಂಗಿಗಳನ್ನು ತರಿಸಿ ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಬಿಟ್ಟಾಗ, ಅನೇಕರು ಅದನ್ನು "ಚಿರತೆ" ಎಂದೇ ಕರೆದರು. ಚಿರತೆ ನಮ್ಮಲ್ಲಿಯೇ ಇರುವಾಗ ಆಫ್ರಿಕದಿಂದೇಕೆ ತರಿಸಬೇಕೆಂದು ಕೇಳಿದ ಹಳ್ಳಿಗನ ಪ್ರಶ್ನೆ ನ್ಯಾಯವಾದುದೇ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಚಿರತೆಯನ್ನು ಕಿರುಬವೆನ್ನುವರು. ಕತ್ತೆಕಿರುಬವೆಂದರೆ ಮತ್ತೊಂದು ಮೃಗ. ಇಷ್ಟು ಸ್ಪಷ್ಟವಾಗಿ ವಿಂಗಡಿಸಿದ್ದ ಭಾಷೆಯು, ಅದನ್ನಾಡುವವರು ಮೃಗಗಳನ್ನು ನೋಡುವುದನ್ನು ಬಿಟ್ಟೊಡನೆ ಮಂಕಾಯಿತು.

ಹೆಸರಿನ ಮಾತು ಪಂಡಿತರ ಚರ್ಚೆಯೆಂದು ತಿಳಿಯಬಾರದು. ನಗರವು ಬೆಳೆದಂತೆಲ್ಲ ಕಾಡಿನಂಚು ಮನೆಯ ಬಾಗಿಲಿಗೆ ಬಂದಿದೆ. ಬಡಾವಣೆಗಳಲ್ಲಿ ರಾತ್ರಿಯ ಹೊತ್ತು ಪುನುಗುಬೆಕ್ಕೋ ಕಾಡುಬೆಕ್ಕೋ ಗೋಡೆ ಹಾರಿದರೆ ಚಿರತೆ ಬಂದಿತೆಂಬ ಗುಲ್ಲೇಳುವುದು. ನಿಜವಾಗಿ ಚಿರತೆ ಬಂದಾಗ ನೋಡುವುದಕ್ಕಾಗಿ ಜನ ನೆರೆಯುವುದು. ೨೦೧೬ರ ಫೆಬ್ರವರಿಯಲ್ಲಿ ನಗರದ ಪೂರ್ವಭಾಗದ ಶಾಲೆಯೊಂದಕ್ಕೆ ಚಿರತೆ ಹೊಕ್ಕು, ಹಿಡಿಯಹೋದವರಲ್ಲಿ ಕೆಲವರನ್ನು ಗಾಯಗೊಳಿಸಿದುದನ್ನು ವಾಚಕರು ಮರೆತಿರಲಾರರು. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಹೆಜ್ಜೆಯ ಗುರುತಿನಲ್ಲಿ ಉಗುರು ಮೂಡುವುದಿಲ್ಲ. ನಾಯಿ, ನರಿ, ತೋಳ, ಕತ್ತೆಕಿರುಬಗಳ ಹೆಜ್ಜೆಯಲ್ಲಿ ಮೂಡುತ್ತದೆ. ಇಷ್ಟನ್ನು ಬಲ್ಲ ಹತ್ತು ಮಂದಿ ಯುವಕರು ಒಂದು ಬಡಾವಣೆಯಲ್ಲಿದ್ದರೆ ಅರ್ಧ ಗುಲ್ಲು ಅಲ್ಲಿಯೇ ಅಡಗುವುದು. ಉಳಿದರ್ಧಕ್ಕೆ ಅರಣ್ಯ ಇಲಾಖೆಯವರನ್ನು ಹೊತ್ತಿಗೆ ಸರಿಯಾಗಿ ಕರೆಯುವುದಾಗುವುದು.

ಹಾವುಗಳ ವಿಷಯದಲ್ಲಂತೂ ಇದು ಜೀವನ್ಮರಣದ ಪ್ರಶ್ನೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರ ಸಂಖ್ಯೆ ವರ್ಷಕ್ಕೆ ಸರಾಸರಿ ೫೮,೦೦೦ವೆಂದು ೨೦೨೦ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ಲೆಕ್ಕಹಾಕಿದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆರೋಗ್ಯ ಇಲಾಖೆಗೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಇಷ್ಟು ಸಾವುಗಳಲ್ಲಿ ಬಹುಪಾಲಿಗೆ ಕಾರಣವಾದ ಹಾವುಗಳು ಮುಖ್ಯವಾಗಿ ನಾಲ್ಕೇ ಜಾತಿ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಈ ನಾಲ್ಕನ್ನು ಗುರುತಿಸಲು ಕಲಿತ ಬಾಲಕನಿಗೆ, ಹಿತ್ತಿಲಲ್ಲಿ ಇಲಿ ಹಿಡಿಯಲು ಬಂದ ಕೇರೆಹಾವನ್ನು ನಾಗರವೆಂದು ಭ್ರಮಿಸಿ ಕೊಲ್ಲಬೇಕೆಂದು ತೋರುವುದಿಲ್ಲ. ಕಟ್ಟುಹಾವು ಹೊಳೆಯುವ ಕರಿಮೈಯ ಮೇಲೆ ಸಣ್ಣ ಬಿಳಿ ಪಟ್ಟೆಗಳುಳ್ಳದ್ದು. ಆ ಪಟ್ಟೆಗಳು ತಲೆಯ ಕಡೆಗೆ ಮಾಸಿಹೋಗಿ ಬಾಲದ ಕಡೆಗೆ ಸ್ಪಷ್ಟವಾಗುವುವು. ಅದನ್ನೇ ಹೋಲುವ ವಿಷವಿಲ್ಲದ ತೋಳಹಾವಿಗೆ ಪಟ್ಟೆಗಳು ಕುತ್ತಿಗೆಯಲ್ಲಿಯೇ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುವುವು. ಕೊಳಕುಮಂಡಲದ ಬೆನ್ನಮೇಲೆ ಸರಪಣಿಯಂತೆ ಮೂರು ಸಾಲು ಮಚ್ಚೆಗಳು; ಸಿಟ್ಟುಗೊಂಡರೆ ತಿದಿಯೂದಿದಂತೆ ಬುಸುಗುಡುವುದು. ಹೆಬ್ಬಾವಿನ ಮರಿಯೆಂದು ಭ್ರಮಿಸಿ ಅದನ್ನು ಕೈಯಲ್ಲಿ ಹಿಡಿದವರುಂಟು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಗುರುತಿಸುವ ವಿದ್ಯೆಯು ಹಿಡಿಯುವ ವಿದ್ಯೆಯಲ್ಲ. ಹಾವನ್ನು ಕಂಡ ಮಗು ಹತ್ತು ಹೆಜ್ಜೆ ಹಿಂದೆ ನಿಂತು ನೋಡತಕ್ಕದ್ದು, ಮುಟ್ಟತಕ್ಕದ್ದಲ್ಲ. ಕಚ್ಚಿಸಿಕೊಂಡವರು ಅದು ಯಾವ ಹಾವೆಂದು ಹುಡುಕುತ್ತ ಹೊತ್ತು ಕಳೆಯದೆ, ಮಂತ್ರವಾದಿಯ ಮನೆಯನ್ನೂ ಹೊಗದೆ, ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು. ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಆ ಕಡಿತದಲ್ಲಿ ನೋವು ಅಲ್ಪವಾದುದರಿಂದ ಅನೇಕರು ಸೊಳ್ಳೆಯೋ ಇರುವೆಯೋ ಎಂದು ಮಲಗಿಬಿಡುವರು. ಈ ಒಂದು ಸಂಗತಿಯನ್ನು ಶಾಲೆಯಲ್ಲಿ ಕಲಿತ ಮಗು ಮನೆಯವರ ಜೀವವನ್ನುಳಿಸಬಲ್ಲದು.

ಇನ್ನು ಈ ವಿದ್ಯೆಗೆ ಬೇಕಾದ ಶಾಲೆ ಎಲ್ಲಿದೆ? ಬಂಡೀಪುರಕ್ಕೂ ನಾಗರಹೊಳೆಗೂ ಮಕ್ಕಳನ್ನು ಕರೆದೊಯ್ಯುವ ಶಕ್ತಿ ಎಲ್ಲ ಶಾಲೆಗಳಿಗೂ ಇಲ್ಲ. ಅದು ಅವಶ್ಯವೂ ಅಲ್ಲ. ಉತ್ತರ ಬೆಂಗಳೂರಿನವರ ಅದೃಷ್ಟವೇನೆಂದರೆ, ಅವರ ಸುತ್ತಲೂ ತೆರೆದ ಪಾಠಶಾಲೆಗಳಿವೆ. ನಾಡಪ್ರಭುಗಳ ನೆಲೆಯಾಗಿದ್ದ ಯಲಹಂಕದ ಹಿರಿಯ ಕೆರೆಯುಂಟು. ಅಲ್ಲಿಯೇ ಇರುವ ಪುಟ್ಟೇನಹಳ್ಳಿಯ ಕೆರೆಯು ೨೦೧೫ರಲ್ಲಿ ಪಕ್ಷಿಗಳಿಗಾಗಿ ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು. ಹೆಬ್ಬಾಳದ ಕೆರೆಯುಂಟು, ಶುದ್ಧೀಕರಿಸಿದ ನೀರಿನಿಂದ ತುಂಬುವ ಜಕ್ಕೂರು ಕೆರೆಯುಂಟು. ಗಾಂಧೀ ಕೃಷಿ ವಿಜ್ಞಾನ ಕೇಂದ್ರದ ಸಾವಿರ ಎಕರೆಗೂ ಮಿಕ್ಕ ಆವರಣದಲ್ಲಿ ಹೊಲವೂ ತೋಪೂ ಕುರುಚಲು ಕಾಡೂ ಒಂದರ ಪಕ್ಕದಲ್ಲೊಂದಿವೆ. ಯಲಹಂಕದ ಬಳಿಯ ಜಾರಕಬಂಡೆ ಕಾವಲು ಅರಣ್ಯ ಇಲಾಖೆಯ ವಶದಲ್ಲಿರುವ ಕಾಡು. ಕೆಲಸಕ್ಕೆ ಹೋಗುವ ಸಹಸ್ರಾರು ಜನರು ದಿನವೂ ಇವುಗಳ ಬೇಲಿಯ ಪಕ್ಕದಲ್ಲಿಯೇ ಹಾದುಹೋಗುವರು.

ಈ ಕೆರೆಗಳ ದಡದಲ್ಲಿ ಚಳಿಗಾಲದ ಒಂದು ಮುಂಜಾನೆ ನಿಂತರೆ, ನಮ್ಮ ಭಾಷೆಯೇ ಉಪಾಧ್ಯಾಯನಾಗಿ ನಿಲ್ಲುವುದನ್ನು ಕಾಣಬಹುದು. ಕರಿಯ ಮೈ, ಹಣೆಯಲ್ಲಿ ಬಿಳಿಯ ನಾಮ: ಅದು ನಾಮದ ಕೋಳಿ. ಮೈಯೆಲ್ಲ ನೀರಿನಲ್ಲಿ ಮುಳುಗಿ ಹಾವಿನಂತೆ ಕತ್ತು ಮಾತ್ರ ಮೇಲಿದ್ದರೆ ಅದು ಹಾವಕ್ಕಿ. ಕಲ್ಲಿನ ಮೇಲೆ ನಿಂತು ಒದ್ದೆರೆಕ್ಕೆಯನ್ನು ಬಿಸಿಲಿಗೆ ಹರಡಿದ ಕರಿಯ ಹಕ್ಕಿ ನೀರುಕಾಗೆ. ಇಲ್ಲಿ ಮುಳುಗಿ ಅಲ್ಲೇಳುವ ಮುಷ್ಟಿಗಾತ್ರದ್ದು ಗುಳುಮುಳುಕ. ಕೊಕ್ಕಿನ ತುದಿ ಚಮಚದಂತಿದ್ದರೆ ಚಮಚದ ಕೊಕ್ಕು. ದಡದ ಆಲದ ಮರದಲ್ಲಿ ಕಂಚಿನ ಪಾತ್ರೆಯನ್ನು ಬಡಿದಂತೆ ಟಕ್ಕು ಟಕ್ಕೆನ್ನುವ ಹಸಿರು ಹಕ್ಕಿ ಕಂಚುಕುಟಿಗ. ಹೆಸರು ಹೇಳಿದೊಡನೆಯೇ ಲಕ್ಷಣವನ್ನೂ ಹೇಳಿದಂತಾಯಿತು. ನೋಡಿದವರು ಇಟ್ಟ ಹೆಸರುಗಳಿವು. ಒಂದೊಂದೂ ಒಂದೊಂದು ಪಾಠ. ಇದೇ ನಾಮದ ಕೋಳಿಯನ್ನು "ಕೂಟ್" ಎಂದು ಕಲಿಸಿದರೆ ಕನ್ನಡದ ಮಗುವಿಗೆ ಒಂದು ಶಬ್ದ ಬಂದೀತು. ಹಕ್ಕಿ ಕಣ್ಣಿಗೆ ಬಾರದು. ಕಾಡುಜೀವಿಗಳ ಪಾಠವು ಮೊದಲು ಕನ್ನಡದಲ್ಲಿಯೇ ಆಗಬೇಕೆಂದು ನಾವು ಹಟಹಿಡಿಯುವುದು ಬರಿಯ ಭಾಷಾಭಿಮಾನದಿಂದಲ್ಲ. ಗುರುತಿಸುವುದಕ್ಕೆ ಅದೇ ಸುಲಭದ ದಾರಿಯಾದುದರಿಂದ.

ಹೆಸರು ತಪ್ಪಿದರೆ ಜೀವಿಯೇ ತಪ್ಪಿಹೋಗುವುದೆಂಬುದಕ್ಕೆ ಕಾಡುಪಾಪವು ಸಾಕ್ಷಿ. ಬಾಲವಿಲ್ಲದ, ಸಣಕಲು ಕೈಕಾಲಿನ, ಗುಂಡನೆಯ ದೊಡ್ಡ ಕಣ್ಣುಗಳ ಈ ಪುಟ್ಟ ಪ್ರಾಣಿಯು ಕೋತಿಯ ದೂರದ ನೆಂಟ. ಹಗಲೆಲ್ಲ ಎಲೆಗಳ ಮರೆಯಲ್ಲಿ ಮುದುಡಿಕೊಂಡಿದ್ದು, ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಕೊಂಬೆಯಿಂದ ಕೊಂಬೆಗೆ ಸರಿಯುತ್ತ ಹುಳುಹುಪ್ಪಟೆಗಳನ್ನು ತಿಂದು ಬದುಕುವುದು. ಇದರ ಕಣ್ಣು ಕಂಡು ಹೆದರಿ ಅಪಶಕುನವೆಂದವರೂ, ಮಾಟಮಂತ್ರಕ್ಕೆಂದು ಹಿಡಿದು ಹಿಂಸಿಸಿದವರೂ ಉಂಟು. ಯಶವಂತಪುರದ ಸಮೀಪದಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನಡುವೆ ಇದು ಇಂದಿಗೂ ಜೀವಿಸಿದೆ. ೨೦೧೪ರಿಂದೀಚೆಗೆ ವಿಜ್ಞಾನಿಗಳು ನಗರದ ನಾಗರಿಕರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೆ ಕೂಡಿಸಿಕೊಂಡು ರಾತ್ರಿಯ ಹೊತ್ತು ಇದನ್ನು ಹುಡುಕಿ ಲೆಕ್ಕವಿಡುವ ಕಾರ್ಯವನ್ನು ಕೈಕೊಂಡರು. ಕಾಡುಪಾಪವು ಕೋತಿಯಂತೆ ಹಾರಲಾರದು. ಒಂದು ಮರದ ಕೊಂಬೆಯು ಇನ್ನೊಂದು ಮರಕ್ಕೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ರಸ್ತೆ ಅಗಲಿಸುವುದಕ್ಕಾಗಿ ಸಾಲಿನ ನಡುವಿನ ಎರಡು ಮರಗಳನ್ನು ಕಡಿದರೆ, ಕಡಿದವರ ಲೆಕ್ಕದಲ್ಲಿ ಹೋದುದು ಎರಡು ಮರ. ಕಾಡುಪಾಪದ ಲೆಕ್ಕದಲ್ಲಿ ಸೇತುವೆಯೇ ಮುರಿಯಿತು. ಇದನ್ನು ಹೇಳುವವರು ಬೇಕಾದರೆ ಮೊದಲು ಅದನ್ನು ಕಂಡವರು ಬೇಕು.

ಹೆಸರಘಟ್ಟದ ಹುಲ್ಲುಗಾವಲಿನ ಕಥೆಯೂ ಇಂತಹುದೇ. ೧೮೯೪ರಲ್ಲಿ ಬೆಂಗಳೂರಿಗೆ ನೀರೊದಗಿಸಲು ಕಟ್ಟಿದ ಕೆರೆಯ ಪಕ್ಕದ ಈ ಬಯಲು, ಅರಿಯದವರ ಕಣ್ಣಿಗೆ ಬರಡು ನೆಲ. ಅರಿತವರಿಗೆ ಅದು ನೆಲಗುಬ್ಬಿಗಳ ತೌರುಮನೆ. ಮಧ್ಯ ಏಷ್ಯದಿಂದ ಚಳಿಗಾಲದಲ್ಲಿ ಬರುವ ಬೇಟೆಹಕ್ಕಿಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿಯನ್ನು ಕಳೆಯುವ ತಂಗುದಾಣ. ಇದನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಸೂಚನೆಯನ್ನು ೨೦೨೧ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ತಳ್ಳಿಹಾಕಿತು. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ೨೦೨೪ರಲ್ಲಿ ಅದೇ ಮಂಡಳಿಯು ಐದು ಸಾವಿರ ಎಕರೆಗೂ ಮಿಕ್ಕ ಪ್ರದೇಶಕ್ಕೆ ಒಪ್ಪಿಗೆಯಿತ್ತಿತು. ಬಯಲು ಬದಲಾಗಿರಲಿಲ್ಲ, ಅಲ್ಲಿ ಏನಿದೆಯೆಂದು ವರ್ಷವರ್ಷವೂ ನೋಡಿ ಬರೆದಿಟ್ಟವರ ದಾಖಲೆಯಿದ್ದಿತು. ಮುಂದೆ ಯಾವ ಕೆರೆಗೆ ಯಾವ ಕಾಲದಲ್ಲಿ ಇಂತಹ ದಾಖಲೆ ಬೇಕಾಗುವುದೋ ಬಲ್ಲವರಾರು? ಶಾಲೆಯ ಬಾಲಕನೊಬ್ಬನು ಹತ್ತು ವರ್ಷ ಬಿಡದೆ ಬರೆದಿಟ್ಟ ಪುಸ್ತಕವು ಒಂದು ದಿನ ನ್ಯಾಯಸ್ಥಾನದ ಮುಂದೆ ಸಾಕ್ಷಿಯಾಗಲೂಬಹುದು.

ಕಲಿಸುವ ಕ್ರಮದ ವಿಷಯವಾಗಿ ಎರಡು ಮಾತು. ಮೊದಲನೆಯ ದಿನವೇ ನೂರು ಹೆಸರುಗಳನ್ನು ಹೇಳುವ ಉಪಾಧ್ಯಾಯನು ಒಂದನ್ನೂ ಕಲಿಸಿದಂತಾಗಲಿಲ್ಲ. ದಿನಕ್ಕೊಂದು ಸಾಕು. ಗಾತ್ರವನ್ನು ಹೇಳುವುದಕ್ಕೆ ಅಂಗುಲದ ಲೆಕ್ಕ ಬೇಡ. ಗುಬ್ಬಿ, ಮೈನಾ, ಕಾಗೆ, ಹದ್ದು ಇವು ನಾಲ್ಕು ಅಳತೆಗೋಲುಗಳು: ಗುಬ್ಬಿಗಿಂತ ದೊಡ್ಡದೋ, ಮೈನಾದಷ್ಟೋ, ಕಾಗೆಗಿಂತ ಚಿಕ್ಕದೋ ಎಂದು ಕೇಳಿದರೆ ಮಗು ತಾನೇ ಹೇಳುವುದು. ಬಳಿಕ ಕೊಕ್ಕು: ಕಾಳು ತಿನ್ನುವುದಕ್ಕೆ ಮೊಂಡು, ಮಾಂಸ ಹರಿಯುವುದಕ್ಕೆ ಕೊಕ್ಕೆ, ಮೀನು ಹಿಡಿಯುವುದಕ್ಕೆ ಭರ್ಜಿ. ಬಳಿಕ ಬಾಲ, ಕಾಲು, ನಡೆ: ನೆಲದ ಮೇಲೆ ಕುಪ್ಪಳಿಸುವುದೋ, ನಡೆಯುವುದೋ? ಬಳಿಕ ಸ್ಥಳ, ಹೊತ್ತು, ಕೂಗು. ಬಣ್ಣವನ್ನು ಕೊನೆಗಿಡಬೇಕು, ಬೆಳಕು ಬದಲಾದರೆ ಬಣ್ಣವೂ ಬದಲಾಗುವುದು. ಮೃಗಗಳ ವಿಷಯದಲ್ಲಿಯೂ ಹೀಗೆಯೇ. ಜಿಂಕೆಯ ಕೊಂಬು ಕವಲೊಡೆದಿದ್ದು, ಕಾಲಕಾಲಕ್ಕೆ ಉದುರಿ ಮತ್ತೆ ಮೂಡುವುದು. ಕೃಷ್ಣಮೃಗದ ಕೊಂಬು ತಿರುಚಿಕೊಂಡು ನೇರವಾಗಿ ಬೆಳೆಯುವುದು, ಉದುರುವುದಿಲ್ಲ. ಎರಡನ್ನೂ ಜಿಂಕೆಯೆಂದೇ ಕರೆದುಬಿಡುವುದು ನಮ್ಮ ಸೋಮಾರಿತನ. ಕಂಡುದನ್ನು ಅಂದೇ, ಅಲ್ಲಿಯೇ, ತಾರೀಖು ಹಾಕಿ ಬರೆಯಿಸಬೇಕು. ಚಿತ್ರ ವಕ್ರವಾದರೂ ಚಿಂತೆಯಿಲ್ಲ. ಬರೆಯಬೇಕೆಂದು ನೋಡುವ ಕಣ್ಣು ಬೇರೆ, ಸುಮ್ಮನೆ ನೋಡುವ ಕಣ್ಣು ಬೇರೆ.

ಈಗ ಹಕ್ಕಿಯ ಕೂಗನ್ನು ಕೇಳಿ ಹೆಸರು ಹೇಳುವ ಸಾಧನಗಳು ಕೈಫೋನಿನಲ್ಲಿಯೇ ಬಂದಿವೆ. ಅವು ಉಪಕಾರಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕವನ್ನು ಬಿಡಿಸದೆ ಉತ್ತರವನ್ನು ಮಾತ್ರ ನೋಡಿಕೊಂಡ ವಿದ್ಯಾರ್ಥಿಗೆ ಗಣಿತ ಬಂದಂತಾಗುವುದಿಲ್ಲ. ಮೊದಲು ಮಗುವೇ ಊಹಿಸಲಿ, ಕಾರಣ ಹೇಳಲಿ; ಬಳಿಕ ಯಂತ್ರವನ್ನು ಕೇಳಿ ತಾಳೆ ನೋಡಲಿ. ಗೂಡನ್ನು ಮುಟ್ಟದಿರುವುದು, ಚಿತ್ರ ತೆಗೆಯುವ ಆಸೆಯಿಂದ ಹಕ್ಕಿಯನ್ನು ಎಬ್ಬಿಸದಿರುವುದು, ಧ್ವನಿಮುದ್ರಣವನ್ನು ನುಡಿಸಿ ಅದನ್ನು ಕರೆಯದಿರುವುದು, ಇವು ಈ ವಿದ್ಯೆಯ ಯಮನಿಯಮಗಳು.

ಪುಸ್ತಕಗಳಿಲ್ಲವೆಂದು ಹೇಳುವವರಿಗೆ ಕನ್ನಡದ ಸಂಪತ್ತು ತಿಳಿಯದು. ಶಿವರಾಮ ಕಾರಂತರು ೧೯೩೬ರಲ್ಲಿಯೇ ಮಕ್ಕಳಿಗಾಗಿ "ಬಾಲಪ್ರಪಂಚ"ವನ್ನು ರಚಿಸಿಕೊಟ್ಟರು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡನಾಡಿನ ಹಕ್ಕಿಗಳನ್ನು ಕುರಿತು ಚಿತ್ರಸಹಿತವಾದ ಪುಸ್ತಕಗಳನ್ನು ಬರೆದರು. ಅವರ "ಕರ್ವಾಲೋ" ಕಾದಂಬರಿಯಲ್ಲಿ ವಿಜ್ಞಾನಿಯು ಹಾರುವ ಓತಿಯನ್ನು ಅರಸಿ ಹೊರಟಾಗ ನೆಚ್ಚಿಕೊಳ್ಳುವುದು ಹಳ್ಳಿಯ ಮಂದಣ್ಣನನ್ನು. ಲೋಕದ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನು ಕಾಡನ್ನು ನೋಡಬಲ್ಲವನು. ನಮ್ಮ ಉಪಾಧ್ಯಾಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೆರೆಯ ಬೆಸ್ತರು, ಕುರಿ ಕಾಯುವವರು, ಅರಣ್ಯ ಇಲಾಖೆಯ ಕಾವಲುಗಾರರು, ಕೃಷಿಕ್ಷೇತ್ರದ ಆಳುಗಳು, ಇವರಲ್ಲಿ ಯಾರನ್ನಾದರೂ ತಿಂಗಳಿಗೊಮ್ಮೆ ಶಾಲೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, "ಇದಕ್ಕೆ ನಿಮ್ಮ ಕಡೆ ಏನೆನ್ನುವರು?" ಎಂದು ಮಕ್ಕಳಿಂದ ಕೇಳಿಸಿದರೆ, ಹಕ್ಕಿಯ ಹೆಸರೂ ಉಳಿಯುವುದು, ಆ ಮನುಷ್ಯನ ಮಾನವೂ ಉಳಿಯುವುದು. ಒಂದೇ ಜೀವಿಗೆ ಊರೂರಿಗೊಂದು ಹೆಸರಿದ್ದರೆ ಗಾಬರಿಯಾಗಬೇಕಾಗಿಲ್ಲ. ಆ ತೊಡಕಿಗಾಗಿಯೇ ಸ್ವೀಡನ್ನಿನ ಲಿನೇಯಸನು ೧೭೫೮ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಶಾಸ್ತ್ರೀಯ ನಾಮವನ್ನಿಡುವ ಪದ್ಧತಿಯನ್ನು ಹೂಡಿದನು. ಮೇಲಿನ ತರಗತಿಯವರು ಅದನ್ನೂ ಕಲಿಯಲಿ. ಕನ್ನಡದ ಹೆಸರು ಮೊದಲಿರಲಿ.

ಉಪಾಧ್ಯಾಯರಿಗೆ ಸಮಯವಿಲ್ಲ, ಪರೀಕ್ಷೆಗೆ ಇದು ಬಾರದು, ಇದೆಲ್ಲ ದುರ್ಬೀನು ಕೊಳ್ಳಬಲ್ಲ ಸ್ಥಿತಿವಂತರ ವಿನೋದ ಎಂಬ ಆಕ್ಷೇಪಗಳು ನಮಗೆ ತಿಳಿಯದವಲ್ಲ. ಬೆಂಗಳೂರಿನಲ್ಲಿ ೧೯೭೨ರಲ್ಲಿ ಹುಟ್ಟಿದ ಪಕ್ಷಿವೀಕ್ಷಕರ ಸಂಘದವರು ಭಾನುವಾರದ ಮುಂಜಾನೆ ಲಾಲ್‌ಬಾಗಿನಲ್ಲಿ ಕಲೆತು, ಬಂದವರಿಗೆಲ್ಲ ಶುಲ್ಕವಿಲ್ಲದೆ ಹಕ್ಕಿಗಳನ್ನು ತೋರಿಸುತ್ತ ಬಂದಿದ್ದಾರೆ. ಅರಣ್ಯ ಇಲಾಖೆಯವರು "ಚಿಣ್ಣರ ವನದರ್ಶನ"ವೆಂಬ ಕಾರ್ಯಕ್ರಮದಲ್ಲಿ ಸರ್ಕಾರೀ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಿದ್ದಾರೆ. ಇವು ಶ್ಲಾಘ್ಯ; ಆದರೆ ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ಬರುವುದು ಜಾತ್ರೆ; ವಾರಕ್ಕೊಮ್ಮೆ ಊರಕೆರೆಗೆ ಹೋಗಿ ಬರುವುದು ಅಭ್ಯಾಸ. ಜಾತ್ರೆಯಿಂದ ಸಂತೋಷವಾಗುವುದು, ಅಭ್ಯಾಸದಿಂದ ವಿದ್ಯೆ ಬರುವುದು. ಸ್ಥಿತಿವಂತರ ಮಾತಿಗೆ ಉತ್ತರವು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ. ಅಲ್ಲಿನ ರೈತರು ತಮ್ಮ ಮನೆಯ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅವರು ಅದನ್ನು ದುರ್ಬೀನಿನಿಂದ ಕಲಿಯಲಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಉತ್ತರ ಬೆಂಗಳೂರಿನ ಪ್ರತಿಯೊಂದು ಶಾಲೆಯೂ ತನಗೆ ಹತ್ತಿರವಾದ ಒಂದು ಕೆರೆಯನ್ನೋ ತೋಪನ್ನೋ ತನ್ನದೆಂದು ಆರಿಸಿಕೊಳ್ಳಲಿ. ವಾರದಲ್ಲಿ ಒಂದು ಮುಂಜಾನೆಯ ಎರಡು ಅವಧಿಗಳನ್ನು ಅದಕ್ಕೆ ಮೀಸಲಿಡಲಿ. ಶಾಲೆಯಲ್ಲಿ ಒಂದು ದಪ್ಪ ಪುಸ್ತಕವಿರಲಿ. ಕಂಡ ಜೀವಿ, ಕಂಡ ದಿನ, ಕಂಡ ಸ್ಥಳ, ಕನ್ನಡದ ಹೆಸರು, ಹೆಸರನ್ನು ಹೇಳಿದವರು, ಇಷ್ಟನ್ನು ಅದರಲ್ಲಿ ಬರೆಯಲಿ. ಒಂದು ತರಗತಿಯು ಮುಂದಕ್ಕೆ ಹೋದಾಗ ಪುಸ್ತಕವನ್ನು ಹಿಂದಿನವರಿಗೆ ಒಪ್ಪಿಸಲಿ. ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ಈ ವಿಷಯಕ್ಕೆ ಸ್ಥಳವಿರಲಿ. ಕೃಷಿ ವಿಶ್ವವಿದ್ಯಾನಿಲಯದವರೂ ವಿಜ್ಞಾನ ಸಂಸ್ಥೆಯವರೂ ನೆರೆಯ ಸರ್ಕಾರೀ ಶಾಲೆಗಳ ಮಕ್ಕಳಿಗೆ ತಮ್ಮ ಹೆಬ್ಬಾಗಿಲನ್ನು ತಿಂಗಳಿಗೊಮ್ಮೆಯಾದರೂ ತೆರೆಯಲಿ. ರವೀಂದ್ರನಾಥ ಠಾಕೂರರ ಹೆಸರನ್ನು ಒಂದು ಬಡಾವಣೆಗೆ ಇಟ್ಟಿರುವೆವಷ್ಟೆ. ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಮಕ್ಕಳನ್ನು ಮರದಡಿಯಲ್ಲಿ ಕೂರಿಸಿ ಪಾಠ ಹೇಳಲಾರಂಭಿಸಿದವರು ಅವರು. ಆರ್.ಟಿ. ನಗರದ ಶಾಲೆಗಳಾದರೂ ಆ ಹೆಸರಿಗೆ ಒಪ್ಪುವಂತೆ ಈ ಕಾರ್ಯದಲ್ಲಿ ಮುಂದಾಗಬಾರದೇಕೆ?

ನಮ್ಮ ಸಂವಿಧಾನವು ೧೯೭೬ರಲ್ಲಿ ಸೇರಿಸಲ್ಪಟ್ಟ ೫೧ಎ ಅನುಚ್ಛೇದದಲ್ಲಿ, ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸುವುದೂ ಜೀವಿಗಳಲ್ಲಿ ದಯೆಯಿಡುವುದೂ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ವಿಧಿಸಿದೆ. ಪರಿಚಯವಿಲ್ಲದವರಲ್ಲಿ ದಯೆ ಹುಟ್ಟುವುದು ಕಷ್ಟ. ಹುಟ್ಟಿದರೂ ನಿಲ್ಲುವುದು ಕಷ್ಟ. ನೆರೆಯವನ ಹೆಸರು ತಿಳಿದಿದ್ದರೆ ಅವನ ಮನೆಗೆ ಬೆಂಕಿ ಬಿದ್ದಾಗ ನಾವು ಓಡುವೆವು. ಹೆಸರರಿಯದವನ ಮನೆ ಉರಿದರೆ ಹೊಗೆ ಬಂದಿತೆಂದು ಕಿಟಕಿ ಮುಚ್ಚುವೆವು. ನಮ್ಮ ಕೆರೆಗಳೂ ಕಾವಲುಗಳೂ ಒಂದೊಂದಾಗಿ ಹೋಗುತ್ತಿರುವಾಗ ನಾವು ಕಿಟಕಿ ಮುಚ್ಚಿದವರಾಗಿಯೇ ಬಹುಕಾಲ ಇದ್ದೆವು. ಮುಂದಿನವರು ಹಾಗಾಗಬಾರದು. ಈ ಕಾರ್ಯಕ್ಕೆ ಧನ ಬೇಡ, ಕಟ್ಟಡ ಬೇಡ, ಮಂತ್ರಿಗಳ ಪ್ರಾರಂಭೋತ್ಸವವೂ ಬೇಡ. ಮಳೆಗಾಲ ಮುಗಿದು ವಲಸೆಯ ಹಕ್ಕಿಗಳು ಬರುವ ಹೊತ್ತಿಗೆ, ಒಬ್ಬ ಉಪಾಧ್ಯಾಯನು ಮೂವತ್ತು ಮಕ್ಕಳೊಡನೆ ಕೆರೆಯ ಏರಿಯನ್ನು ಹತ್ತಿದರೆ ಸಾಕು. ಉಳಿದುದನ್ನು ನಾಮದ ಕೋಳಿಯೇ ಹೇಳಿಕೊಡುವುದು.